ಟರ್ಬೊ 500: ಮನೆಯಲ್ಲಿ ಭಟ್ಟಿ ಇಳಿಸುವ ಹವ್ಯಾಸಕ್ಕೆ ಇದು ಸರಿಯಾದ ಯಂತ್ರವಾ?

ಮೊದಲೇ ಹೇಳಿಬಿಡುತ್ತೇನೆ, ಇದು ನ್ಯೂಜಿಲೆಂಡ್‌ನಲ್ಲಿ ಇರುವ ಕನ್ನಡದವರಿಗಾಗಿ ಬರೆದದ್ದು. ಇಲ್ಲಿ 1996ರಿಂದ ಮನೆಯಲ್ಲೇ ಸ್ಪಿರಿಟ್ ಭಟ್ಟಿ ಇಳಿಸಿಕೊಳ್ಳಲು ಕಾನೂನಿನ ಅಡ್ಡಿ ಇಲ್ಲ. ಆದರೆ ಸ್ವಂತ ಬಳಕೆಗೆ ಮಾತ್ರ, ಒಂದೇ ಒಂದು ಬಾಟಲಿ ಮಾರಿದರೂ ಅಪರಾಧ. ಹೀಗೆ ಬಿಟ್ಟುಕೊಟ್ಟಿರುವ ದೇಶಗಳು ತುಂಬಾ ಕಡಿಮೆ. ಆಸ್ಟ್ರೇಲಿಯಾದಲ್ಲಿ, ಬ್ರಿಟನ್‌ನಲ್ಲಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಕರ್ನಾಟಕದಲ್ಲಂತೂ 1965ರ ಅಬಕಾರಿ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಒಂದು ಲೋಟ ಇಳಿಸಿದರೂ ಕೇಸು. ಊರಲ್ಲಿ ಕೂತು ಓದುತ್ತಿರುವವರು ದಯವಿಟ್ಟು ಓದಿ ಅಷ್ಟಕ್ಕೇ ಬಿಡಿ, ಮಾಡಲು ಹೋಗಬೇಡಿ.

ನಾನು ಉತ್ತರ ಕನ್ನಡದ ಕರಾವಳಿಯವನು. ಗೋವಾ ಪಕ್ಕದಲ್ಲೇ ಇರುವುದರಿಂದ ಫೆನಿ, ಉರಾಕ್ ಎರಡೂ ನಮಗೆ ಹೊಸದಲ್ಲ. ಗೇರುಹಣ್ಣಿನ ರಸ ಹುಳಿ ಬಂದ ಮೇಲೆ ಮೊದಲ ಸಲ ಇಳಿಸಿದರೆ ಉರಾಕ್, ಅದನ್ನು ಹುಳಿ ಬಂದ ರಸದ ಜೊತೆ ಸೇರಿಸಿ ಮತ್ತೆ ಇಳಿಸಿದರೆ ಫೆನಿ. ಬಾಟಲಿ ತೆರೆದ ಕೂಡಲೇ ಗೇರುಹಣ್ಣು ಎದುರಿಗೆ ಬಂದು ನಿಂತ ಹಾಗೆ ವಾಸನೆ ಬರುತ್ತದೆ. ಅಷ್ಟೊಂದು ಕುದಿಸಿ, ಆವಿ ಮಾಡಿ, ತಣಿಸಿದ ಮೇಲೂ ಹಣ್ಣಿನ ವಾಸನೆ ಹೇಗೆ ಉಳಿಯುತ್ತದೆ ಅನ್ನುವ ಕುತೂಹಲ ನನಗೆ ಮೊದಲಿಂದಲೂ ಇತ್ತು. ಆಕ್ಲೆಂಡ್‌ಗೆ ಬಂದ ಮೇಲೆ, ಇಲ್ಲಿ ಮನೆಯಲ್ಲೇ ಬಿಯರ್, ವೈನ್ ಮಾಡುವವರಿಗೆ ಬೇಕಾದ ಸಾಮಾನು ಮಾರುವ ಅಂಗಡಿಗಳಲ್ಲೇ ಭಟ್ಟಿ ಇಳಿಸುವ ಯಂತ್ರವನ್ನೂ ಸಾಲಾಗಿ ಜೋಡಿಸಿ ಇಟ್ಟಿರುವುದನ್ನು ನೋಡಿ ಕೈ ಹಾಕಿದೆ. ಕೊಂಡದ್ದು ಸ್ಟಿಲ್ ಸ್ಪಿರಿಟ್ಸ್ ಅನ್ನುವ ನ್ಯೂಜಿಲೆಂಡ್ ಬ್ರ್ಯಾಂಡಿನ ಟರ್ಬೊ 500. ಹವ್ಯಾಸಿಗಳು ಟಿ500 ಅಂತಾರೆ.

ಯಂತ್ರ ಸರಳ. ಕೆಳಗೆ 25 ಲೀಟರಿನ ಸ್ಟೀಲ್ ಬಾಯ್ಲರ್, ಅದರಲ್ಲೇ ಕರೆಂಟಿನ ಹೀಟರ್. ಮುಚ್ಚಳ ಹಾಕಿ ಕ್ಲಿಪ್ ಬಿಗಿದು ಅದರ ಮೇಲೆ ಕಾಲಮ್, ಅಂದರೆ ತಾಮ್ರದ ಎತ್ತರದ ಕೊಳವೆ, ನಿಲ್ಲಿಸಬೇಕು. ಕಾಲಮ್ಮಿನ ಒಳಗೆ ಸಣ್ಣ ಸಣ್ಣ ತುಂಡುಗಳು ತುಂಬಿರುತ್ತವೆ. ಮೇಲ್ಗಡೆ ನಲ್ಲಿಯ ತಣ್ಣೀರು ಹರಿದು ಆವಿಯನ್ನು ತಣಿಸುತ್ತದೆ. ಇದಕ್ಕೆ ರಿಫ್ಲಕ್ಸ್ ಅಂತಾರೆ. ಅನ್ನದ ಪಾತ್ರೆಯ ಮುಚ್ಚಳಕ್ಕೆ ಆವಿ ಹತ್ತಿ, ಹನಿಯಾಗಿ, ಮತ್ತೆ ಪಾತ್ರೆಯೊಳಗೇ ಬೀಳುತ್ತದಲ್ಲ, ಕಾಲಮ್ಮಿನ ಒಳಗೂ ಅದೇ ನಡೆಯುವುದು, ಆದರೆ ಒಂದು ಸಲ ಅಲ್ಲ, ಉದ್ದಕ್ಕೂ ಮತ್ತೆ ಮತ್ತೆ. ಮೇಲೆ ಹೋಗುವ ಆವಿ ಕೆಳಗೆ ಬೀಳುವ ಹನಿಯನ್ನು ಮುಟ್ಟುತ್ತಾ ಹೋಗುತ್ತದೆ. 78 ಡಿಗ್ರಿ ಸುಮಾರಿಗೆ ಕುದಿಯುವ ಆಲ್ಕೋಹಾಲ್ ಮೇಲಕ್ಕೆ, 100 ಡಿಗ್ರಿ ಬೇಕಾಗುವ ನೀರು ಕೆಳಕ್ಕೆ. ಕೊನೆಗೆ ಕೊಳವೆಯಿಂದ ತೊಟ್ಟಿಕ್ಕುವುದು ಶೇ. 93ರವರೆಗೆ ಗಟ್ಟಿ ಇರುವ ಸ್ಪಿರಿಟ್. ಕಂಪನಿ ಹೇಳುವ ಅಂಕಿ ಇದು, ನಾನು ಅಳೆದಾಗಲೂ ಅದರ ಆಸುಪಾಸಿನಲ್ಲೇ ಬಂತು.

ತಾಮ್ರ ಯಾಕೆ ಬೇಕು ಅಂತ ಹೊಸಬರು ಕೇಳುತ್ತಾರೆ. ಯೀಸ್ಟ್ ಕೆಲಸ ಮಾಡುವಾಗ ಗಂಧಕದ ವಾಸನೆ ಹುಟ್ಟುತ್ತದೆ, ಕೊಳೆತ ಮೊಟ್ಟೆಯ ನಾತ. ತಾಮ್ರ ಅದನ್ನು ಹಿಡಿದುಕೊಳ್ಳುತ್ತದೆ. ಅದಕ್ಕೇ ತಾಮ್ರ ಕಪ್ಪಾಗುವುದು, ಅದಕ್ಕೇ ಆಗಾಗ ತಿಕ್ಕಬೇಕಾಗುವುದು. ನಾನು ಸಿಟ್ರಿಕ್ ಆಸಿಡ್ ಕರಗಿಸಿದ ಬಿಸಿ ನೀರಿನಲ್ಲಿ ನೆನೆಸಿಡುತ್ತೇನೆ. ಹುಣಸೆಹಣ್ಣಿನಲ್ಲೂ ಫಳಫಳ ಆಗುತ್ತದೆ, ಆದರೆ ನಾರು ಸಂದಿಯಲ್ಲಿ ಸಿಕ್ಕಿಕೊಂಡರೆ ತೆಗೆಯುವುದು ಕಷ್ಟ. ಹೊಸ ಯಂತ್ರ ತಂದ ಕೂಡಲೇ ಕುಡಿಯಲು ಇಳಿಸಬೇಡಿ. ಮೊದಲು ನೀರು ಮತ್ತು ವಿನಿಗರ್ ಹಾಕಿ ಒಂದು ಸಲ ಓಡಿಸಿ, ಆಮೇಲೆ ಆಲ್ಕೋಹಾಲ್ ಹಾಕಿ ಒಂದು ಸಲ ಓಡಿಸಿ, ಅದರಲ್ಲಿ ಬಂದದ್ದನ್ನು ಪೂರ್ತಿ ಚೆಲ್ಲಿಬಿಡಿ. ಕಾರ್ಖಾನೆಯ ಎಣ್ಣೆ, ಧೂಳು ಎಲ್ಲ ಹೋಗಬೇಕು.

ಈಗ ಮುಖ್ಯ ವಿಷಯ. ಈ ಹವ್ಯಾಸದ ಅರ್ಧ ಕೆಲಸ ಯಂತ್ರದ್ದಲ್ಲ, ಬಕೆಟ್ಟಿನದು. ಸಕ್ಕರೆ ನೀರಿಗೆ ಯೀಸ್ಟ್ ಹಾಕಿ ಹುಳಿ ಬರಿಸುತ್ತೀವಲ್ಲ, ಇಲ್ಲಿಯವರು ವಾಶ್ ಅನ್ನುವುದು, ಅದು ಕೆಟ್ಟರೆ ಯಾವ ಕಾಲಮ್ಮೂ ನಿಮ್ಮನ್ನು ಕಾಪಾಡುವುದಿಲ್ಲ. ಲೆಕ್ಕ ಸುಲಭ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಶೇ. 1 ಆಲ್ಕೋಹಾಲ್ ಕೊಡುತ್ತದೆ. 6 ಕೆಜಿ ಸಕ್ಕರೆ ಹಾಕಿ ಒಟ್ಟು 25 ಲೀಟರ್ ಮಾಡಿದರೆ ಶೇ. 14ರ ಹತ್ತಿರ ಬರುತ್ತದೆ. 8 ಕೆಜಿ ಹಾಕಿದರೆ ಶೇ. 18 ದಾಟುತ್ತದೆ, ಆದರೆ ಯೀಸ್ಟ್‌ಗೆ ಅಷ್ಟು ಕಷ್ಟ ಕೊಟ್ಟರೆ ಅದು ಬೇಡದ ರುಚಿಗಳನ್ನು ಬಿಡುತ್ತದೆ. ನಾನು 6 ಕೆಜಿ ದಾಟುವುದಿಲ್ಲ. ನಾನು ಸಾಮಾನು ತರುತ್ತಿದ್ದ ಅಂಗಡಿಯೊಂದರಲ್ಲಿ, ಒಂದೇ ದಿನದಲ್ಲಿ ಹುಳಿ ಬರುತ್ತದೆ ಅನ್ನುವ ಯೀಸ್ಟ್ ಪೊಟ್ಟಣವನ್ನೇ ಹೊಸಬರಿಗೆಲ್ಲ ಕೊಟ್ಟು ಕಳಿಸುತ್ತಿದ್ದರು. ಬೇಗ ಆಗುವುದು ನಿಜ. ಆದರೆ ಬಕೆಟ್ ಬಿಸಿಯಾಗಿ ಕುದಿಯುವ ಹಾಗೆ ನೊರೆಯುತ್ತದೆ, ಇಳಿಸಿದ ಮೇಲೆ ಗಂಟಲಲ್ಲಿ ಒರಟು ಹತ್ತುತ್ತದೆ. ಒಂದು ವಾರ ಕಾಯುವ ಯೀಸ್ಟ್ ತಗೊಳ್ಳಿ, 20ರಿಂದ 25 ಡಿಗ್ರಿಯಲ್ಲಿಡಿ. ಇಲ್ಲಿನ ಚಳಿಗಾಲದಲ್ಲಿ ಬಕೆಟ್ಟಿಗೆ ಸುತ್ತುವ ಹೀಟ್ ಬೆಲ್ಟ್ ಬೇಕೇ ಬೇಕು.

ಮುಗಿಯಿತಾ ಇಲ್ಲವಾ ಅನ್ನುವುದನ್ನು ಗುಳ್ಳೆ ನೋಡಿ ನಿರ್ಧರಿಸಬೇಡಿ, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ನೋಡಿ. ಶುರುವಿನಲ್ಲಿ 1.090 ಹತ್ತಿರ ಇದ್ದದ್ದು ಕೊನೆಗೆ 0.990ಕ್ಕೆ ಇಳಿದು ಎರಡು ದಿನ ಅಲ್ಲೇ ನಿಂತರೆ ಮುಗಿದ ಹಾಗೆ. ಆಮೇಲೆ ಚೆನ್ನಾಗಿ ಕಲಕಿ ಒಳಗಿನ ಗ್ಯಾಸ್ ಬಿಡಿಸಿ, ತಿಳಿಯಾಗಲು ಬಿಡಿ. ತಳದ ಯೀಸ್ಟ್ ಗಸಿ ಬಾಯ್ಲರಿಗೆ ಬಿದ್ದರೆ ಹೀಟರ್ ಮೇಲೆ ಸೀಯುತ್ತದೆ, ಆ ಸೀದ ವಾಸನೆ ಕೊನೆಯವರೆಗೂ ಬಿಡುವುದಿಲ್ಲ. ಗ್ಯಾಸ್ ಉಳಿದಿದ್ದರೆ ನೊರೆ ಉಕ್ಕಿ ಕಾಲಮ್ಮಿಗೆ ಏರುತ್ತದೆ. ತಿಳಿ ಮಾತ್ರ ಪೈಪಿನಿಂದ ಎಳೆದುಕೊಳ್ಳಿ.

ಇಳಿಸುವ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಬಿಸಿಯಾಗುವುದರಿಂದ ಹಿಡಿದು ತೊಳೆದು ಇಡುವವರೆಗೆ ಐದಾರು ಗಂಟೆ ಹೋಗುತ್ತದೆ. ಟಿ500ರಲ್ಲಿ ನೀವು ನಿಭಾಯಿಸಬೇಕಾದದ್ದು ಒಂದೇ ಒಂದು, ತಣ್ಣೀರಿನ ಹರಿವು. ಹೊರಗೆ ಬರುವ ನೀರಿನ ಶಾಖವನ್ನು ಥರ್ಮಾಮೀಟರ್ ತೋರಿಸುತ್ತದೆ, ಅದನ್ನು 50ರಿಂದ 65 ಡಿಗ್ರಿಯೊಳಗೆ ಹಿಡಿಯಬೇಕು. ನೀರು ಜಾಸ್ತಿ ಬಿಟ್ಟರೆ ಸ್ಪಿರಿಟ್ ಶುದ್ಧ, ಆದರೆ ನಿಧಾನ. ಕಡಿಮೆ ಬಿಟ್ಟರೆ ಬೇಗ ಬರುತ್ತದೆ, ಜೊತೆಗೆ ನೀರೂ ಬೇಡದ ರುಚಿಯೂ ಬರುತ್ತವೆ. ಮನೆಯಲ್ಲಿ ಯಾರಾದರೂ ಸ್ನಾನಕ್ಕೆ ಹೋದರೆ ನಲ್ಲಿಯ ಒತ್ತಡ ಬಿದ್ದು ಈ ಲೆಕ್ಕ ತಪ್ಪುತ್ತದೆ. ಹಾಗಾಗಿ ಮೊದಲೇ ಎಲ್ಲರಿಗೂ ಹೇಳಿಡುವುದು ಒಳ್ಳೆಯದು. ನೀರು ಖರ್ಚಾಗುವುದು ನಿಜ, ಆಕ್ಲೆಂಡ್‌ನಲ್ಲಿ ನೀರಿಗೆ ಮೀಟರ್ ಇದೆ. ಬಿಸಿ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಬಕೆಟ್, ಬಾಟಲಿ ತೊಳೆಯಲು ಬಳಸುತ್ತೇನೆ, ಆರಿದ್ದು ಗಿಡಕ್ಕೆ. ಮಳೆ ನೀರಿನ ಟ್ಯಾಂಕ್ ನಂಬಿ ಊರ ಹೊರಗೆ ಇರುವವರು ಇದನ್ನು ಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ನಿಮಗೆ ಅದೇ ಬ್ರ್ಯಾಂಡಿನ ಏರ್ ಸ್ಟಿಲ್ ಸರಿಹೋಗಬಹುದು. 4 ಲೀಟರಿನದು, ಫ್ಯಾನಿನಿಂದ ತಣಿಯುತ್ತದೆ, ನೀರೇ ಬೇಡ, ಅಡುಗೆ ಮನೆ ಕಟ್ಟೆಯ ಮೇಲೆ ಕೂರುತ್ತದೆ. ಆದರೆ ಅದು ರಿಫ್ಲಕ್ಸ್ ಅಲ್ಲ, ಅಷ್ಟು ಗಟ್ಟಿಯೂ ಅಷ್ಟು ಶುದ್ಧವೂ ಬರುವುದಿಲ್ಲ.

ಮೊದಲು ಬರುವ ಸುಮಾರು 200 ಮಿಲಿಲೀಟರ್ ಚೆಲ್ಲಬೇಕು. ಇದರಲ್ಲಿ ಚೌಕಾಸಿ ಇಲ್ಲ. ನೇಲ್ ಪಾಲಿಶ್ ತೆಗೆಯುವ ದ್ರವದ ಹಾಗೆ ಮೂಗಿಗೆ ಹೊಡೆಯುತ್ತದೆ, ಮೂಗೇ ಹೇಳುತ್ತದೆ. ಆಮೇಲಿನದನ್ನು ಸಣ್ಣ ಸಣ್ಣ ಗಾಜಿನ ಜಾಡಿಗಳಲ್ಲಿ ಕ್ರಮವಾಗಿ ಹಿಡಿಯಿರಿ, ಜಾಡಿಗೆ ನಂಬರ್ ಬರೆಯಿರಿ, ಒಂದು ದಿನ ಬಟ್ಟೆ ಮುಚ್ಚಿ ಬಿಟ್ಟು ಆಮೇಲೆ ನೀರು ಬೆರೆಸಿ ಮೂಸಿ ನೋಡಿ. ಮಧ್ಯದ ಜಾಡಿಗಳು ಸ್ವಚ್ಛ, ಕೊನೆಯವಕ್ಕೆ ಒದ್ದೆ ರಟ್ಟಿನ ವಾಸನೆ. ಎಲ್ಲಿ ಕಡಿಯಬೇಕು, ಅಂದರೆ ಯಾವ ಜಾಡಿ ಇಟ್ಟುಕೊಂಡು ಯಾವುದನ್ನು ಬಿಡಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ಈ ಹವ್ಯಾಸದಲ್ಲಿ ಕಲಿಯುವುದಕ್ಕೆ ಇರುವುದೇ ಇದು, ನನಗೆ ಅತ್ಯಂತ ಇಷ್ಟವಾದ ಭಾಗವೂ ಇದೇ.

ಮೆಥನಾಲ್ ಅನ್ನುವ ವಿಷದ ಆಲ್ಕೋಹಾಲ್ ಬಗ್ಗೆ ಊರಿಂದ ಯಾರೇ ಫೋನ್ ಮಾಡಿದರೂ ಕೇಳುತ್ತಾರೆ. ಕೇಳುವುದು ಸಹಜ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತದ್ದು ನಮ್ಮ ಹಿರಿಯರಿಗೆ ಇನ್ನೂ ನೆನಪಿದೆ. 2008ರಲ್ಲೂ ಕರ್ನಾಟಕ, ತಮಿಳುನಾಡು ಗಡಿಯಲ್ಲಿ ನೂರಕ್ಕೂ ಹೆಚ್ಚು ಜನ ಹೋದರು. ಇಂಥ ಸಾವುಗಳಿಗೆ ಕಾರಣ ಕಾರ್ಖಾನೆಗೆ ಬಳಸುವ ಮೆಥನಾಲ್ ಸಾರಾಯಿಗೆ ಬೆರೆಸುವುದು, ಬಡವರ ಲೋಟಕ್ಕೆ ವಿಷ ಸುರಿದು ದುಡ್ಡು ಮಾಡುವುದು. ಶುದ್ಧ ಸಕ್ಕರೆ ನೀರು ಹುಳಿ ಬಂದಾಗ ಮೆಥನಾಲ್ ಹುಟ್ಟುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಣ್ಣಿನಲ್ಲಿ ಪೆಕ್ಟಿನ್ ಅನ್ನುವ ಅಂಟಿನಂಥ ಪದಾರ್ಥ ಇರುವುದರಿಂದ ಸ್ವಲ್ಪ ಜಾಸ್ತಿ ಬರುತ್ತದೆ. ಆದ್ದರಿಂದ ಹೊಸಬರು ಸಕ್ಕರೆಯಲ್ಲೇ ಶುರು ಮಾಡಿ. ಮತ್ತೆ ಒಂದು ಮಾತು, ಮೊದಲ ಭಾಗ ಚೆಲ್ಲಿದರೆ ಮೆಥನಾಲ್ ಪೂರ್ತಿ ಹೋಗುತ್ತದೆ ಅನ್ನುವ ನಂಬಿಕೆ ತಪ್ಪು, ಅದು ಇಡೀ ಬ್ಯಾಚಿನಲ್ಲಿ ಹರಡಿಕೊಂಡೇ ಬರುತ್ತದೆ. ಹೊರಗಿನಿಂದ ತಂದ ಗೊತ್ತಿಲ್ಲದ ಸ್ಪಿರಿಟ್ಟನ್ನು ಮತ್ತೆ ಇಳಿಸಿ ಶುದ್ಧ ಮಾಡುತ್ತೇನೆ ಅಂತ ಯಾರಾದರೂ ಹೊರಟರೆ ಅಂಥವರನ್ನು ತಡೆಯಿರಿ.

ಮೆಥನಾಲ್‌ಗಿಂತ ಮನೆಯಲ್ಲಿ ಇಳಿಸುವವರು ಹೆದರಬೇಕಾದದ್ದು ಬೆಂಕಿಗೆ. ಶೇ. 90ರ ಸ್ಪಿರಿಟ್ ಪೆಟ್ರೋಲಿನ ಜಾತಿಗೆ ಸೇರಿದ್ದು ಅಂತಲೇ ತಿಳಿಯಿರಿ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ, ಜ್ವಾಲೆಯೂ ಹಗಲಲ್ಲಿ ಸರಿಯಾಗಿ ಕಾಣುವುದಿಲ್ಲ. ಗ್ಯಾರೇಜಿನ ಬಾಗಿಲು ತೆರೆದಿಡಿ. ಗ್ಯಾಸ್ ಒಲೆ, ಸಿಗರೇಟು ಹತ್ತಿರ ಬರಲೇಬಾರದು. ಸ್ಪಿರಿಟ್ ಹಿಡಿಯುವ ಜಾಡಿ ಬಾಯ್ಲರಿನಿಂದ ದೂರ ಇರಲಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಹೊರಗೆ ಬರುವ ಕೊಳವೆ ಯಾವತ್ತೂ ಕಟ್ಟಿಕೊಳ್ಳಬಾರದು, ಕಟ್ಟಿದರೆ ಬಾಯ್ಲರಿನಲ್ಲಿ ಒತ್ತಡ ಏರುತ್ತದೆ. ಯಂತ್ರ ಓಡುತ್ತಿರುವಾಗ ಅಂಗಡಿಗೆ ಹೋಗಿ ಬರುತ್ತೇನೆ ಅನ್ನುವುದು ಬೇಡ, ಒಂದು ನಿಮಿಷಕ್ಕೂ ಬೇಡ. ಮಕ್ಕಳಿರುವ ಮನೆಯಲ್ಲಿ ಇಳಿಸುವುದು ಮಕ್ಕಳು ಸ್ಕೂಲಿಗೆ ಹೋದ ಮೇಲೆ. ಸ್ಪಿರಿಟ್ ಮುಟ್ಟುವ ಪೈಪು ಸಿಲಿಕೋನ್ ಆಗಿರಲಿ, ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿಡಬೇಡಿ, ಗಾಜು ಅಥವಾ ಸ್ಟೀಲ್ ಮಾತ್ರ.

ಇಳಿಸಿದ್ದಕ್ಕೆ ನೀರು ಬೆರೆಸಿ ಶೇ. 40 ಅಥವಾ 50ಕ್ಕೆ ತಂದು, ಆ್ಯಕ್ಟಿವೇಟೆಡ್ ಇದ್ದಿಲಿನಲ್ಲಿ ನಿಧಾನಕ್ಕೆ ಸೋಸಬೇಕು. ಗಟ್ಟಿ ಸ್ಪಿರಿಟ್ಟನ್ನು ಹಾಗೇ ಸೋಸಿದರೆ ಇದ್ದಿಲು ಸರಿಯಾಗಿ ಕೆಲಸ ಮಾಡುವುದಿಲ್ಲ. ಆಲ್ಕೋಹಾಲ್ ಮೀಟರ್ 20 ಡಿಗ್ರಿಗೆ ಹೊಂದಿಸಿದ್ದು, ಬೆಚ್ಚಗಿರುವಾಗ ಅಳೆದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ತಣ್ಣಗಾಗಲು ಬಿಡಿ. ಒಂದು ಬ್ಯಾಚಿಗೆ ಕುಡಿಯುವ ಮಟ್ಟದ್ದು 7 ಲೀಟರ್ ಆಸುಪಾಸು ಸಿಗುತ್ತದೆ.

ಟಿ500 ಏನು ಕೊಡುತ್ತದೆ, ಏನು ಕೊಡುವುದಿಲ್ಲ ಅನ್ನುವುದು ಈಗ ಬಂತು. ಇದು ಕೊಡುವುದು ರುಚಿ ಇಲ್ಲದ, ವಾಸನೆ ಇಲ್ಲದ, ನೀಟಾದ ಸ್ಪಿರಿಟ್. ಅದೇ ಇದರ ಕೆಲಸ, ಆ ಕೆಲಸವನ್ನು ತುಂಬಾ ಚೆನ್ನಾಗಿ ಮಾಡುತ್ತದೆ. ವೋಡ್ಕಾ ಇಷ್ಟಪಡುವವರಿಗೆ ಸಾಕು. ಆದರೆ ನನ್ನ ಹಾಗೆ ಹಣ್ಣಿನ, ಬೆಲ್ಲದ ರುಚಿ ಹುಡುಕುವವರಿಗೆ ಈ ಕಾಲಮ್ ಉಲ್ಟಾ ದಾರಿ. ಸ್ಯಾಂಡ್ರಿಂಗ್‌ಹ್ಯಾಮ್ ರಸ್ತೆಯ ಇಂಡಿಯನ್ ಅಂಗಡಿಯಿಂದ ಬೆಲ್ಲ ತಂದು ಹುಳಿ ಬರಿಸಿ ಇದರಲ್ಲಿ ಇಳಿಸಿದೆ. ಬಕೆಟ್ಟಿನಲ್ಲಿ ಇದ್ದಾಗ ಆಲೆಮನೆಯ ಪರಿಮಳ, ಕೊಳವೆಯಿಂದ ಬಂದದ್ದು ಸಕ್ಕರೆಯದ್ದಕ್ಕೂ ಇದಕ್ಕೂ ವ್ಯತ್ಯಾಸ ಹೇಳಲಾಗದಂಥ ಸ್ಪಿರಿಟ್. ಯಂತ್ರದ ತಪ್ಪಲ್ಲ, ಅದನ್ನು ಮಾಡಿರುವುದೇ ರುಚಿ ತೆಗೆಯಲು. ಗೋವಾದವರ ಫೆನಿಯಲ್ಲಿ ಗೇರುಹಣ್ಣು ಉಳಿಯುವುದು ಹಂಡೆಯಂಥ ಸಾದಾ ಪಾತ್ರೆಯಲ್ಲಿ ಇಳಿಸುವುದರಿಂದ. ಆವಿ ನೇರ ಹೊರಗೆ ಬರುತ್ತದೆ, ಜೊತೆಗೆ ಹಣ್ಣೂ ಬರುತ್ತದೆ. ರಮ್, ವಿಸ್ಕಿ, ಬ್ರಾಂಡಿ ಬೇಕು ಅನ್ನುವವರು ಇಂಥ ಸಾದಾ ಪಾತ್ರೆಯ ಯಂತ್ರವನ್ನೇ, ಅಂದರೆ ಪಾಟ್ ಸ್ಟಿಲ್, ಕೊಳ್ಳಬೇಕು. ಇದೇ 25 ಲೀಟರ್ ಬಾಯ್ಲರಿಗೆ ಕೂರುವ ತಾಮ್ರದ ಗುಮ್ಮಟದ ಮುಚ್ಚಳವೂ ಸಿಗುತ್ತದೆ, ಹಾಗಾಗಿ ಬಾಯ್ಲರ್ ವ್ಯರ್ಥ ಆಗುವುದಿಲ್ಲ.

ಅಂಗಡಿಗಳಲ್ಲಿ ಸಣ್ಣ ಬಾಟಲಿಗಳಲ್ಲಿ ಎಸೆನ್ಸ್ ಸಿಗುತ್ತದೆ, ವಿಸ್ಕಿ, ರಮ್, ಬೇಕಾದ್ದೆಲ್ಲ. ಸ್ಪಿರಿಟ್ಟಿಗೆ ಸುರಿದು ಕಲಕಿದರೆ ಐದೇ ನಿಮಿಷ. ನನಗೆ ಒಂದೂ ಹಿಡಿಸಲಿಲ್ಲ. ಮೊದಲ ಗುಟುಕು ಪರವಾಗಿಲ್ಲ, ಆಮೇಲೆ ಕೆಮ್ಮಿನ ಸಿರಪ್ಪಿನ ನೆರಳು. ಇಷ್ಟೆಲ್ಲ ಕಷ್ಟಪಟ್ಟು ಸ್ವಚ್ಛ ಮಾಡಿದ ಸ್ಪಿರಿಟ್ಟಿಗೆ ಅದನ್ನು ಸುರಿಯಲು ಮನಸ್ಸಾದರೂ ಹೇಗೆ ಬರುತ್ತದೆ?

ಟಿ500ರ ಸ್ಪಿರಿಟ್ಟಿಗೆ ರುಚಿ ಬೇಕು ಅಂದರೆ ನಿಮ್ಮ ದಾರಿ ಜಿನ್, ಅಂದರೆ ಜೂನಿಪರ್ ಕಾಯಿ, ಮಸಾಲೆಗಳ ಪರಿಮಳ ಸೇರಿಸಿದ ಸ್ಪಿರಿಟ್. ನಮ್ಮ ಅಡುಗೆ ಮನೆಯವರಿಗೆ ಹೇಳಿ ಮಾಡಿಸಿದ್ದು. ಜೂನಿಪರ್ ಕಾಯಿಯೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಡಬ್ಬಿಯಲ್ಲೇ ಇರುತ್ತದೆ. ಶೇ. 40ಕ್ಕೆ ಇಳಿಸಿದ ಒಂದು ಲೀಟರ್ ಸ್ಪಿರಿಟ್ಟಿಗೆ ನಾನು ಹಾಕುವುದು 20 ಗ್ರಾಂ ಜೂನಿಪರ್, 8 ಗ್ರಾಂ ಕೊತ್ತಂಬರಿ ಬೀಜ, ಒಂದೇ ಒಂದು ಏಲಕ್ಕಿ, ನಾಲ್ಕೈದು ಕಾಳು ಮೆಣಸು, ಒಂದು ಕಿತ್ತಳೆಯ ಸಿಪ್ಪೆ, ಒಳಗಿನ ಬಿಳಿ ಭಾಗ ತೆಗೆದು. ಏಲಕ್ಕಿ ಎರಡು ಹಾಕಿದರೆ ಜಿನ್ ಹೋಗಿ ಪಾಯಸದ ವಾಸನೆ ಆಗುತ್ತದೆ. ಕೊತ್ತಂಬರಿ ಹುರಿಯಬೇಡಿ. ಹಸಿ ಬೀಜವನ್ನು ಸುಮ್ನೆ ಜಜ್ಜಿ ಹಾಕಿದರೆ ನಿಂಬೆಯಂಥ ಪರಿಮಳ ಬಿಡುತ್ತದೆ, ಹುರಿದರೆ ಸಾರಿನ ಪುಡಿ. ಒಂದು ದಿನ ನೆನೆಸಿ, ಸೋಸಿ, ಅಷ್ಟೇ ನೀರು ಬೆರೆಸಿ ಮತ್ತೊಮ್ಮೆ ಇಳಿಸಬೇಕು. ಇದಕ್ಕೆ ಏರ್ ಸ್ಟಿಲ್ ಸಾಕು, ಟಿ500 ಕಾಲಮ್ ಬೇಡ. ಇಲ್ಲಿ ಏಪ್ರಿಲ್ ಹೊತ್ತಿಗೆ ಫೀಜೋವಾ ಹಣ್ಣು ಮರದಡಿ ರಾಶಿ ಬೀಳುತ್ತದೆ, ಅದನ್ನು ಹೆಚ್ಚಿ ವೋಡ್ಕಾದಲ್ಲಿ ಎರಡು ವಾರ ನೆನೆಸಿದರೂ ಚೆನ್ನ. ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇಳಿಸಿದ ಜಿನ್ನಿನಲ್ಲಿ ಒಣಗಿದ ಮುರುಗಲ ಸಿಪ್ಪೆ ನೆನೆಸಿದ್ದು, ನಿಮ್ಮ ಕಡೆ ಪುನರ್ಪುಳಿ ಅನ್ನಬಹುದು. ಕಡು ಕೆಂಪು ಬಣ್ಣ, ಹಿತವಾದ ಹುಳಿ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಆದರೆ ಮೊದಲು ತೊಳೆಯಿರಿ, ಮೂರು ನಾಲ್ಕು ಗಂಟೆ ಸಾಕು, ರಾತ್ರಿಯಿಡೀ ಬಿಟ್ಟರೆ ಒಗರು.

ದುಡ್ಡಿನ ಲೆಕ್ಕ ಕೇಳುವವರಿಗೆ: ಇಲ್ಲಿ ಸ್ಪಿರಿಟ್ ಮೇಲೆ ತೆರಿಗೆ ಜೋರು, ಅಂಗಡಿ ಬಾಟಲಿ ದುಬಾರಿ, ಸಕ್ಕರೆ, ಯೀಸ್ಟ್, ಕರೆಂಟು ಸೇರಿಸಿದರೂ ಮನೆಯದು ಬಹಳ ಅಗ್ಗ. ಯಂತ್ರದ ದುಡ್ಡು ವಾಪಸ್ ಬರುತ್ತದೆ. ಆದರೆ ಅದೊಂದೇ ಕಾರಣಕ್ಕೆ ಕೊಳ್ಳಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಮನೆಯಲ್ಲಿ 7 ಲೀಟರ್ ಅಗ್ಗದ ಮದ್ಯ ಇದ್ದರೆ ಕೈ ಅದರ ಕಡೆ ಹೋಗುವುದು ಜಾಸ್ತಿಯಾಗುತ್ತದೆ. ಸಾರಾಯಿ ಎಷ್ಟು ಮನೆ ಹಾಳು ಮಾಡಿತ್ತು ಅನ್ನುವುದನ್ನು ನೋಡಿದ ನಾಡು ನಮ್ಮದು, 2007ರ ಜುಲೈಯಲ್ಲಿ ಅದನ್ನು ನಿಲ್ಲಿಸುವವರೆಗೂ ಎಷ್ಟು ಹೆಂಗಸರು ಬೀದಿಗಿಳಿದು ಹೋರಾಡಿದರು. ನಾನು ವರ್ಷಕ್ಕೆ ಕೆಲವೇ ಸಲ ಇಳಿಸುತ್ತೇನೆ, ಒಂದು ಬ್ಯಾಚ್ ಮುಗಿಯುವವರೆಗೆ ಇನ್ನೊಂದು ಶುರು ಮಾಡುವುದಿಲ್ಲ. ಕುಡಿತ ಹಿಡಿತದಲ್ಲಿಲ್ಲ ಅನ್ನಿಸುವವರು, ಅಥವಾ ಮನೆಯಲ್ಲಿ ಅಂಥವರು ಇದ್ದರೆ, ಈ ಹವ್ಯಾಸ ಬೇಡವೇ ಬೇಡ.

ಟ್ರೇಡ್ ಮಿ ಅನ್ನುವ ಇಲ್ಲಿನ ಆನ್‌ಲೈನ್ ಮಾರಾಟ ತಾಣದಲ್ಲಿ ಸೆಕೆಂಡ್ ಹ್ಯಾಂಡ್ ಯಂತ್ರಗಳು ಬರುತ್ತಲೇ ಇರುತ್ತವೆ, ಉತ್ಸಾಹದಲ್ಲಿ ಕೊಂಡು ಬಿಟ್ಟವರದು. ಅರ್ಧ ಬೆಲೆಗೆ ಸಿಗಬಹುದು. ಹೋಗಿ ನೋಡಿಯೇ ತಗೊಳ್ಳಿ. ಕಾಲಮ್ ಬಿಚ್ಚಿಸಿ ತಾಮ್ರದ ಮೇಲೆ ಹಸಿರು ಕಿಲುಬು ಇದೆಯಾ ನೋಡಿ. ಸ್ವಲ್ಪ ಇದ್ದರೆ ತೊಳೆದು ಹೋಗುತ್ತದೆ, ಗುಂಡಿ ಬಿದ್ದಿದ್ದರೆ ಬೇಡ. ಮುಚ್ಚಳದ ಸೀಲ್ ಗಟ್ಟಿಯಾಗಿ ಸೀಳಿದ್ದರೆ ಹೊಸದು ಹಾಕಿಸಿ. ನೀರು ತುಂಬಿ ಕುದಿಸಿ ತೋರಿಸಲು ಹೇಳಿ, ಎಲ್ಲಿಂದಲೂ ಆವಿ ಹೊರಗೆ ಬರಬಾರದು. ಯಾರೋ ಮನೆಯಲ್ಲೇ ಬೆಸುಗೆ ಹಾಕಿ ಮಾಡಿದ ಹೆಸರಿಲ್ಲದ ಯಂತ್ರ, ಹಳೆ ಕಾರಿನ ರೇಡಿಯೇಟರ್ ಜೋಡಿಸಿದ್ದು, ಇಂಥದ್ದು ಬಿಟ್ಟಿ ಕೊಟ್ಟರೂ ಮುಟ್ಟಬೇಡಿ, ಆ ಬೆಸುಗೆಯಲ್ಲಿ ಸೀಸ ಇರಬಹುದು. ಹೀಟ್ ಬೆಲ್ಟ್, ಹೈಡ್ರೋಮೀಟರ್, ಆಲ್ಕೋಹಾಲ್ ಮೀಟರ್ ಸೇರಿಸಿ ಕೊಡುತ್ತಾರಾ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ.